ಬರೆಯಲು ಒದ್ದಾಡುವ ಮಗುವಿಗೆ ಒಂದು ರಬ್ಬರ್ ಬ್ಯಾಂಡು

ಸಂಜೆ ಏಳು ಗಂಟೆ. ನಿಮ್ಮ ಮಗ ಹೋಂವರ್ಕ್ ಹಿಡಿದು ಕೂತು ಒಂದು ಗಂಟೆಯಾಗಿದೆ. ಪುಸ್ತಕದಲ್ಲಿ ಮೂಡಿರುವುದು ನಾಲ್ಕೇ ಸಾಲು. ಅದರಲ್ಲೂ ಎರಡು ಸಾಲನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆ ತೂತಾಗಿದೆ. ಪೆನ್ಸಿಲಿನ ಮೊನೆ ಮೂರು ಸಲ ಮುರಿದಿದೆ. ನೀರು ಕುಡಿಯಲು ಒಮ್ಮೆ, ಬಚ್ಚಲಿಗೆಂದು ಒಮ್ಮೆ ಎದ್ದು ಹೋಗಿ ಬಂದಿದ್ದಾನೆ. ಅಡುಗೆಮನೆಯಿಂದ ನೀವು ಕೂಗುತ್ತೀರಿ: “ಬಾಯಲ್ಲಿ ಕೇಳಿದರೆ ಎಲ್ಲ ಪಟಪಟ ಅಂತ ಹೇಳ್ತೀಯ, ಬರೆಯೋಕೆ ಮಾತ್ರ ಏನು ರೋಗ ನಿನಗೆ?”

ಈ ಪ್ರಶ್ನೆಯನ್ನು ಸಿಟ್ಟು ಬಿಟ್ಟು ಕೇಳಿದರೆ ಒಳ್ಳೆಯ ಪ್ರಶ್ನೆಯೇ. ಬಾಯಲ್ಲಿ ಹೇಳಬಲ್ಲ ಮಗು ಬರೆಯಲು ಹಿಂಜರಿಯುತ್ತಿದ್ದರೆ ಅದಕ್ಕೆ ಬುದ್ಧಿ ಇದೆ, ಪಾಠವೂ ಗೊತ್ತಿದೆ ಎಂದಾಯಿತು. ತೊಡಕು ತಲೆಗೂ ಹಾಳೆಗೂ ನಡುವಿನ ದಾರಿಯಲ್ಲಿದೆ. ನಾವೋ ಅದಕ್ಕೆ ‘ಸೋಮಾರಿತನ’ ಎಂದು ಹೆಸರಿಟ್ಟು, ಬರೆಯಲಾರದ ಮಗುವಿಗೆ ಇನ್ನಷ್ಟು ಬರೆಯುವ ಶಿಕ್ಷೆ ಕೊಡುತ್ತೇವೆ. ಕುಂಟುವವನಿಗೆ ಎರಡು ಮೈಲಿ ಹೆಚ್ಚು ನಡೆ ಎಂದಂತೆ ಇದು.

ದೊಡ್ಡವರಾದ ನಮಗೆ ಬರೆಯುವುದು ಸಲೀಸು. ಆದರೆ ‘ರಾಷ್ಟ್ರಪತಿ’ ಎಂಬ ಒಂದು ಪದ ಬರೆಯಲು ಮೂರನೆಯ ತರಗತಿಯ ಮಗು ಏನೇನು ಮಾಡಬೇಕು ನೋಡಿ. ಪದದ ಉಚ್ಚಾರಣೆಯನ್ನು ಬಿಡಿಸಿಕೊಳ್ಳಬೇಕು, ಒಂದೊಂದು ಅಕ್ಷರದ ಆಕಾರವನ್ನು ನೆನಪಿನಿಂದ ಎಳೆದು ತರಬೇಕು, ದೀರ್ಘ ಎಲ್ಲಿ, ಒತ್ತು ಎಲ್ಲಿ ಎಂದು ತೀರ್ಮಾನಿಸಬೇಕು, ಪೆನ್ಸಿಲನ್ನು ಎಲ್ಲಿಂದ ಶುರು ಮಾಡಿ ಯಾವ ಕಡೆ ಸುತ್ತಿಸಬೇಕು, ಎಷ್ಟು ಒತ್ತಬೇಕು ಎಂದು ಬೆರಳಿಗೆ ಹೇಳಬೇಕು, ಗೆರೆ ದಾಟದಂತೆ ಕಣ್ಣಿಡಬೇಕು, ಇನ್ನೊಂದು ಕೈಯಿಂದ ಪುಸ್ತಕ ಹಿಡಿದುಕೊಳ್ಳಬೇಕು. ಇಷ್ಟೆಲ್ಲದರ ನಡುವೆ ಮುಂದಿನ ಪದ ಯಾವುದೆಂಬುದೂ ನೆನಪಿರಬೇಕು. ಹೆಚ್ಚಿನ ಮಕ್ಕಳಿಗೆ ಎರಡು ಮೂರು ವರ್ಷಗಳಲ್ಲಿ ಕೈಯ ಕೆಲಸ ತಾನಾಗಿ ರೂಢಿಯಾಗುತ್ತದೆ. ಕೆಲವರಿಗೆ ಆಗುವುದಿಲ್ಲ. ಸ್ಕೂಟರ್ ಕಲಿಯುತ್ತಿರುವವನನ್ನು ಹಿಂದೆ ಕೂತವರು ಹದಿನೇಳರ ಮಗ್ಗಿ ಕೇಳಿದರೆ ಹೇಗಿರುತ್ತದೋ, ಈ ಮಕ್ಕಳಿಗೆ ತರಗತಿಯಲ್ಲಿ ದಿನವಿಡೀ ಹಾಗಿರುತ್ತದೆ. ನಂಬಿಕೆ ಬಾರದಿದ್ದರೆ ಐದು ನಿಮಿಷ ಈ ಪತ್ರಿಕೆಯ ಒಂದು ಸುದ್ದಿಯನ್ನು ಎಡಗೈಯಲ್ಲಿ (ನೀವು ಎಡಚರಾದರೆ ಬಲಗೈಯಲ್ಲಿ) ನಕಲು ಮಾಡಿ ನೋಡಿ. ಆಮೇಲೆ ಆ ಸುದ್ದಿಯಲ್ಲಿ ಏನಿತ್ತು ಎಂದು ಯಾರಾದರೂ ಕೇಳಲಿ.

ವೈದ್ಯಕೀಯದಲ್ಲಿ ಇದಕ್ಕೆ ‘ಡಿಸ್‌ಗ್ರಾಫಿಯಾ’ ಎನ್ನುತ್ತಾರೆ. 2007ರಲ್ಲಿ ‘ತಾರೇ ಜಮೀನ್ ಪರ್’ ಚಿತ್ರ ಬಂದ ಮೇಲೆ ಓದುವ ತೊಡಕಾದ ಡಿಸ್ಲೆಕ್ಸಿಯಾದ ಹೆಸರು ಮನೆಮನೆಗೆ ಗೊತ್ತಾಯಿತು. ಅದರ ಒಡಹುಟ್ಟಿದ ಇದರ ಹೆಸರು ಅಷ್ಟಾಗಿ ಗೊತ್ತಿಲ್ಲ. ಇದು ಒಂಟಿಯಾಗಿ ಬರಬಹುದು, ಓದುವ ತೊಡಕಿನ ಜತೆಗೆ ಬರಬಹುದು, ಚಂಚಲ ಸ್ವಭಾವದ ಅಥವಾ ಗುಂಡಿ ಹಾಕಿಕೊಳ್ಳಲು, ಶೂ ಲೇಸು ಕಟ್ಟಲು ತಡವರಿಸುವ ಮಕ್ಕಳಲ್ಲೂ ಕಾಣಬಹುದು. ಬುದ್ಧಿಶಕ್ತಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಇಂದು ನಾನು ಬರೆಯಹೊರಟಿರುವುದು ಕಾಯಿಲೆಯ ಹೆಸರಿನ ಬಗ್ಗೆ ಅಲ್ಲ. ತಜ್ಞರ ಬಳಿ ಹೋಗುವ ಮೊದಲೇ, ಪರೀಕ್ಷೆ, ವರದಿ, ಪ್ರಮಾಣಪತ್ರ ಇವೆಲ್ಲ ಬರುವ ಮೊದಲೇ, ಒಂದು ಸಾಧಾರಣ ಶಾಲೆಯ ಸಾಧಾರಣ ತರಗತಿಯಲ್ಲಿ ಹತ್ತಿಪ್ಪತ್ತು ರೂಪಾಯಿಯೊಳಗೆ ಮಾಡಬಹುದಾದದ್ದು ಬಹಳ ಇದೆ. ಅದನ್ನು ನಾವು ಮಾಡುತ್ತಿಲ್ಲ ಎಂಬುದೇ ನನ್ನ ತಕರಾರು.

ಮುಂದುವರಿಯುವ ಮೊದಲು ಒಂದು ಎಚ್ಚರಿಕೆ. ಬರಹ ಮೊದಲಿನಿಂದಲೂ ಕೆಟ್ಟದಾಗಿರುವುದು ಬೇರೆ, ಚೆನ್ನಾಗಿದ್ದ ಬರಹ ಕೆಲವು ವಾರ ಅಥವಾ ತಿಂಗಳಲ್ಲಿ ಕೆಡುವುದು ಬೇರೆ. ಎರಡನೆಯದಕ್ಕೆ ಪೆನ್ಸಿಲು ಬದಲಿಸುತ್ತ ಕೂರಬಾರದು. ಗಂಟಲುನೋವಿನ ನಂತರ ಬರುವ ಕೀಲುವಾತ ಜ್ವರದ ಅಂಗವಾಗಿ ಕೆಲವು ಮಕ್ಕಳಲ್ಲಿ ಕೈಕಾಲು ತಾನಾಗಿ ಅಲುಗಾಡುವ ‘ಕೊರಿಯಾ’ ಕಾಣಿಸಿಕೊಳ್ಳುತ್ತದೆ. ದೇಹದಲ್ಲಿ ತಾಮ್ರದ ಅಂಶ ಶೇಖರವಾಗುವ ವಿಲ್ಸನ್ ಕಾಯಿಲೆ ಎಂಬುದೊಂದಿದೆ. ಎರಡರಲ್ಲೂ ಮನೆಯವರು ಮೊದಲು ಗಮನಿಸುವುದು ಅಕ್ಷರ ಕೆಟ್ಟಿದ್ದನ್ನೇ ಆಗಿರಬಹುದು. ವಿಲ್ಸನ್ ಕಾಯಿಲೆ ವಂಶವಾಹಿಯದು, ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಅದರ ಸಂಭವ ಹೆಚ್ಚು. ಬೇಗ ಗುರುತಿಸಿದರೆ ಔಷಧವಿದೆ. ಆದ್ದರಿಂದ ಅಕ್ಷರ ಹಠಾತ್ತಾಗಿ ಕೆಟ್ಟರೆ, ಕೈ ನಡುಗಿದರೆ, ಮಾತು ತೊದಲಿದರೆ ಮಗುವನ್ನು ಬೈಯಬೇಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಹಾಗೆಯೇ ಯಾವ ಮಗುವಿನ ಬರಹ ಸರಿಯಿಲ್ಲವೆಂದರೂ ಮೊದಲು ಕಣ್ಣು ಪರೀಕ್ಷೆ ಮಾಡಿಸಿ. ಬೋರ್ಡೇ ಕಾಣದವನು ಏನು ಬರೆದಾನು?

ಕಾಲು ಊರಲಿ, ಹಾಳೆ ಏರಲಿ

ಬರಹದ ಮೊದಲ ಸಾಧನ ಪೆನ್ಸಿಲಲ್ಲ, ಕೂರುವ ಜಾಗ. ನಮ್ಮ ಎಷ್ಟೋ ಶಾಲೆಗಳಲ್ಲಿ ಒಂದನೆಯ ತರಗತಿಗೂ ಏಳನೆಯ ತರಗತಿಗೂ ಒಂದೇ ಅಳತೆಯ ಬೆಂಚು. ಪುಟ್ಟ ಮಗುವಿನ ಕಾಲು ಗಾಳಿಯಲ್ಲಿ ತೂಗಾಡುತ್ತಿರುತ್ತದೆ, ಡೆಸ್ಕು ಎದೆಯ ಮಟ್ಟಕ್ಕೆ ಬರುತ್ತದೆ. ಬೀಳದಂತೆ ಕೂರುವುದಕ್ಕೇ ಅದರ ಅರ್ಧ ಶಕ್ತಿ ಖರ್ಚಾಗುತ್ತದೆ. ಎರಡು ಇಟ್ಟಿಗೆಯನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಕಾಲಡಿ ಇಡಿ, ಅಥವಾ ಹಳೆಯ ಪತ್ರಿಕೆಗಳನ್ನು ಕಟ್ಟಿ ಹುರಿಯಿಂದ ಬಿಗಿದು ಇಡಿ. ಪಾದ ಪೂರ್ತಿ ಊರಬೇಕು, ಮೊಣಕೈ ಮಡಿಸಿದರೆ ಡೆಸ್ಕಿನ ಮಟ್ಟಕ್ಕೆ ಸುಮಾರಾಗಿ ಸರಿಯಾಗಿ ಕೂರಬೇಕು, ಅಷ್ಟೆ. ನೆಲದ ಮೇಲೆ ಕೂರುವ ಶಾಲೆಯಾದರೆ ಪುಸ್ತಕವನ್ನು ನೆಲಕ್ಕಿಟ್ಟು ಬಗ್ಗಿ ಬರೆಯುವುದು ಬೆನ್ನಿಗೂ ಕೈಗೂ ಶಿಕ್ಷೆ. ಒಂದು ಮಣೆಯನ್ನು ಎರಡು ಇಟ್ಟಿಗೆಯ ಮೇಲಿಟ್ಟರೆ ಅದೇ ಡೆಸ್ಕು.

ಇನ್ನು ಹಾಳೆಯ ಓರೆ. ಹಿಂದಿನ ಕಾಲದ ಶಾನುಭೋಗರು, ಮಂಡಿಯ ಗುಮಾಸ್ತರು ಲೆಕ್ಕ ಬರೆಯುತ್ತಿದ್ದ ಇಳಿಜಾರು ಮುಚ್ಚಳದ ಪೆಟ್ಟಿಗೆಯನ್ನು ನೀವು ಕಂಡಿರಬಹುದು. ದಿನವೆಲ್ಲ ಬರೆಯುವವರಿಗೆ ಅದರ ಉಪಯೋಗ ಗೊತ್ತಿತ್ತು. ಬರೆಯುವ ಜಾಗ ಓರೆಯಾಗಿದ್ದರೆ ಕತ್ತು ಬಗ್ಗುವುದಿಲ್ಲ, ಮಣಿಕಟ್ಟು ತಾನಾಗಿ ಸ್ವಲ್ಪ ಹಿಂದಕ್ಕೆ ಬಾಗುತ್ತದೆ, ಆಗ ಬೆರಳುಗಳು ಸಲೀಸಾಗಿ ಆಡುತ್ತವೆ. ವಿದೇಶದಿಂದ ತರಿಸುವ ‘ಸ್ಲಾಂಟ್ ಬೋರ್ಡ್’ಗೆ ಸಾವಿರಾರು ರೂಪಾಯಿ ಕೇಳುತ್ತಾರೆ. ಆಫೀಸಿನಲ್ಲಿ ಬಳಸಿ ಬಿಟ್ಟ, ಮೂರು ಅಂಗುಲ ಬೆನ್ನಿನ ದಪ್ಪ ಫೈಲೊಂದನ್ನು, ಬೆನ್ನು ಮಗುವಿಗೆ ದೂರವಾಗುವಂತೆ ಅಡ್ಡ ಮಲಗಿಸಿದರೆ ಅದೇ ಓರೆ ಸಿಗುತ್ತದೆ. ಫೈಲು ಇಲ್ಲವೇ? ಪರೀಕ್ಷೆಗೆ ಒಯ್ಯುವ ಕ್ಲಿಪ್ ಪ್ಯಾಡಿನ ತಲೆಯ ಕಡೆಗೆ ಎರಡು ಪಠ್ಯಪುಸ್ತಕ ಇಡಿ. ಪುಸ್ತಕ ಜಾರುವ ಚಿಂತೆಯನ್ನು ಆ ಕ್ಲಿಪ್ಪೇ ನೋಡಿಕೊಳ್ಳುತ್ತದೆ.

ಎಡಚ ಮಕ್ಕಳ ಬಗ್ಗೆ ಒಂದು ಮಾತು. ಎಡಗೈ ಬಿಡಿಸಿ ಬಲಗೈಗೆ ಹಚ್ಚುವ ಚಟ ನಮ್ಮ ಹಿರಿಯರಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ದಯವಿಟ್ಟು ಬಿಡಿ. ಬಲಗೈಯವರು ಹಾಳೆಯ ಮೇಲ್ತುದಿಯನ್ನು ಎಡಕ್ಕೆ ವಾಲಿಸಿ ಬರೆಯುವಂತೆ ಎಡಚರು ಬಲಕ್ಕೆ ವಾಲಿಸಿ ಬರೆಯಬೇಕು. ಬರೆದದ್ದರ ಮೇಲೆ ಕೈ ಉಜ್ಜದಂತೆ ಪೆನ್ಸಿಲನ್ನು ಮೊನೆಯಿಂದ ತುಸು ಮೇಲೆ ಹಿಡಿಯಬೇಕು. ಬೆಂಚಿನ ಎಡತುದಿಯಲ್ಲಿ ಅವರನ್ನು ಕೂರಿಸಿದರೆ ಪಕ್ಕದವನ ಮೊಣಕೈ ತಾಗುವುದಿಲ್ಲ. ಇದಕ್ಕೆಲ್ಲ ಒಂದು ಪೈಸೆ ಖರ್ಚಿಲ್ಲ.

ಪೆನ್ಸಿಲು ತುಂಡಾಗಿರಲಿ

ನಮ್ಮ ಅಜ್ಜಂದಿರು ಮರಳಿನ ಮೇಲೆ ಬೆರಳಿನಿಂದ ತಿದ್ದಿದರು, ಆಮೇಲೆ ಸ್ಲೇಟಿನ ಮೇಲೆ ಬಳಪದಿಂದ ಬರೆದರು. ಹಳೆಯದೆಲ್ಲ ಚೆನ್ನ ಎಂದು ಹಾಡುವವನಲ್ಲ ನಾನು. ಅಂದಿನ ಬೆತ್ತವೂ ನನಗೆ ಗೊತ್ತು. ಆದರೆ ಸ್ಲೇಟು ಬಳಪದಲ್ಲಿ ಒಂದು ಗುಣವಿತ್ತು. ಸವೆದು ಗಿಡ್ಡವಾದ ಬಳಪವನ್ನು ಮುಷ್ಟಿಯಲ್ಲಿ ಹಿಡಿಯಲು ಸಾಧ್ಯವೇ ಇಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ತಾವಾಗಿ ಕೂಡುತ್ತವೆ. ಜತೆಗೆ ಸ್ಲೇಟಿನ ಒರಟು ಮೈ ಬೆರಳಿಗೆ ‘ನೀನು ಈಗ ಇಲ್ಲಿದ್ದೀಯ’ ಎಂದು ಹೇಳುತ್ತಿರುತ್ತದೆ. ತಪ್ಪಾದರೆ ಒರೆಸಿದರಾಯಿತು, ಹಾಳೆ ಹರಿಯುವುದಿಲ್ಲ. ಆದ್ದರಿಂದ ಹಿಡಿತ ಕೂಡದ ಮಗುವಿಗೆ ಉದ್ದನೆಯ ಹೊಸ ಪೆನ್ಸಿಲು ಬೇಡ. ಅಣ್ಣ ಬಿಟ್ಟ ಎರಡಂಗುಲದ ಚೋಟು ಪೆನ್ಸಿಲು, ತುಂಡು ಸೀಮೆಸುಣ್ಣ ಕೊಡಿ. ಸೀಮೆಸುಣ್ಣ ಹಿಡಿದು ಗೋಡೆಯ ಮೇಲೆ, ನೆಟ್ಟಗೆ ನಿಂತು ಬರೆದರೆ ಭುಜಕ್ಕೂ ಮಣಿಕಟ್ಟಿಗೂ ಬಲ ಬರುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ತರಗತಿಗಳಲ್ಲಿ ಗೋಡೆಯ ಕೆಳಭಾಗಕ್ಕೆ, ಮಕ್ಕಳ ಎತ್ತರಕ್ಕೆ ಸರಿಯಾಗಿ, ಕಪ್ಪುಹಲಗೆಯ ಬಣ್ಣ ಬಳಿದಿರುವುದನ್ನು ನೋಡಿರಬಹುದು. ದುಬಾರಿ ಶುಲ್ಕದ ಶಾಲೆಗಳ ಹೊಳೆಯುವ ಗೋಡೆಗಳಿಗಿಂತ ಅದು ಮಗುವಿನ ಕೈಗೆ ಹೆಚ್ಚು ಉಪಕಾರಿ.

ಪೆನ್ಸಿಲು ಬೆರಳಿನಿಂದ ಜಾರುತ್ತಿದ್ದರೆ ಹಿಡಿಯುವ ಜಾಗಕ್ಕೆ ಒಂದು ರಬ್ಬರ್ ಬ್ಯಾಂಡನ್ನು ಒತ್ತೊತ್ತಾಗಿ ಸುತ್ತಿ. ತೆಳ್ಳಗೆನಿಸಿದರೆ ಸೈಕಲ್ ಅಂಗಡಿಯಲ್ಲಿ ಎಸೆಯುವ ಹಳೆಯ ಟ್ಯೂಬಿನಿಂದ ಒಂದಂಗುಲ ಅಗಲದ ಪಟ್ಟಿ ಕತ್ತರಿಸಿ ಸುತ್ತಿ, ದಾರ ಕಟ್ಟಿ. ಪಾತ್ರೆ ತಿಕ್ಕುವ ಹೊಸ ಸ್ಪಾಂಜಿನ ತುಂಡಿಗೆ ತೂತು ಮಾಡಿ ತೂರಿಸಿದರೂ ಆದೀತು. ಮೂರು ಮೂಲೆಯ ಪೆನ್ಸಿಲುಗಳೂ ಅಂಗಡಿಯಲ್ಲಿ ಸಿಗುತ್ತವೆ. ಅಕ್ಷರ ಹಿಂದಿನ ಮೂರು ಹಾಳೆಗೆ ಅಚ್ಚೊತ್ತುವಷ್ಟು ಒತ್ತಿ ಬರೆಯುವ ಮಗುವಿಗೆ ಹಾಳೆಯಡಿ ಕಾರ್ಬನ್ ಪೇಪರಿಟ್ಟು, “ಕೆಳಗಿನ ಹಾಳೆಯ ಮೇಲೆ ಮೂಡದಂತೆ ಬರಿ ನೋಡೋಣ” ಎಂದು ಆಟ ಹೂಡಿ. ತೀರ ತೇಲಿಸಿ ಬರೆಯುವ ಮಗುವಿಗೆ ಮೆತ್ತನೆಯ ಸೀಸದ, ಕಪ್ಪಗೆ ಮೂಡುವ 2ಬಿ ಪೆನ್ಸಿಲು ಕೊಡಿ. ಮೇಲಿನ ತರಗತಿಗೆ ಬಂದ ಕೂಡಲೇ ಎಲ್ಲರೂ ಬಾಲ್ ಪೆನ್ ಹಿಡಿಯಲೇಬೇಕೆಂಬ ನಿಯಮ ಕೆಲವು ಶಾಲೆಗಳಲ್ಲಿದೆ. ಬಾಲ್ ಪೆನ್ನಿಗೆ ಒತ್ತಡ ಹೆಚ್ಚು ಬೇಕು. ಈ ಮಕ್ಕಳಿಗೆ ಇನ್ನೊಂದು ವರ್ಷ ಪೆನ್ಸಿಲೇ ಇರಲಿ, ಇಲ್ಲವೇ ಸುಲಭವಾಗಿ ಹರಿಯುವ ಜೆಲ್ ಪೆನ್ ಕೊಡಿ.

ಒಂದು ಕಿವಿಮಾತು: ಹಿಡಿತ ಚಿತ್ರದಲ್ಲಿ ತೋರಿಸಿದಂತಿಲ್ಲ ಎಂಬ ಒಂದೇ ಕಾರಣಕ್ಕೆ ಮಗುವಿನ ಬೆರಳು ತಿದ್ದಲು ಹೋಗಬೇಡಿ. ನಾಲ್ಕು ಬೆರಳಿನಲ್ಲಿ ಹಿಡಿದು ಚೆನ್ನಾಗಿ ಬರೆಯುವವರು ಬೇಕಾದಷ್ಟಿದ್ದಾರೆ. ನೋವು, ಬೇಗ ದಣಿವು ಇದ್ದರೆ ಮಾತ್ರ ಚಿಂತಿಸಿ.

ಕನ್ನಡದ ಒತ್ತಿಗೆ ಜಾಗ ಬೇಕು

ಬರಹದ ತೊಡಕಿಗೆ ಪರಿಹಾರ ಹೇಳುವ ಪುಸ್ತಕಗಳು ಬಹುಪಾಲು ಇಂಗ್ಲಿಷಿನವು. ಅವುಗಳಲ್ಲಿ ನಮ್ಮ ಮಕ್ಕಳ ನಿಜವಾದ ಕಷ್ಟ ಬರುವುದಿಲ್ಲ. ಕರ್ನಾಟಕದ ಮಗು ಐದು ಆರನೆಯ ತರಗತಿಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಮೂರು ಲಿಪಿ ಹಿಡಿಯಬೇಕು. ಇಂಗ್ಲಿಷ್ ಅಕ್ಷರ ಕೆಳಗಿನ ಗೆರೆಯ ಮೇಲೆ ಕೂರುತ್ತದೆ. ಹಿಂದಿ ಮೇಲಿನ ಗೆರೆಯಿಂದ ಜೋತಾಡುತ್ತದೆ. ಕನ್ನಡ ನಡುವೆ ಕೂತು, ತಲೆಕಟ್ಟನ್ನೋ ಗುಡಿಸನ್ನೋ ಮೇಲೆ ಚಾಚಿ, ಒತ್ತನ್ನು ಕೆಳಕ್ಕೆ ಇಳಿಬಿಡುತ್ತದೆ. ಇಂಗ್ಲಿಷಿಗೆ ನಾಲ್ಕು ಗೆರೆಯ ಪುಸ್ತಕ ಕೊಡುವ ನಾವು ಕನ್ನಡವನ್ನು ಒತ್ತೊತ್ತಾದ ಒಂಟಿ ಗೆರೆಯ ಪುಸ್ತಕದಲ್ಲಿ ಬರೆಸುತ್ತೇವೆ. ‘ವಿಜ್ಞಾನ’ದ ಒತ್ತು ಕೆಳಗಿನ ಸಾಲಿನ ‘ಇ’ಯ ತಲೆಗೆ ಬಡಿಯುತ್ತದೆ. ಆಮೇಲೆ ‘ಕಲಸುಮೇಲೋಗರ’ ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತೇವೆ!

ಪರಿಹಾರ ಅತಿ ಸರಳ: ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆಯಲಿ. ಪುಸ್ತಕ ಬೇಗ ಮುಗಿಯುತ್ತದೆ, ನಿಜ. ವರ್ಷಕ್ಕೆ ನಾಲ್ಕು ಪುಸ್ತಕ ಹೆಚ್ಚು ಕೊಳ್ಳೋಣ. ಬರೆಯುವ ಗೆರೆಯನ್ನು ಹಸಿರು ಬಣ್ಣದಲ್ಲಿ ಗುರುತಿಸಿ. ಗೆರೆ ಕಣ್ಣಿಗೆ ನಿಲ್ಲದ ಮಗುವಿದ್ದರೆ ಗೆರೆಯ ಮೇಲೆ ಫೆವಿಕಾಲನ್ನು ತೆಳ್ಳಗೆ ಎಳೆದು ಒಣಗಿಸಿ. ಉಬ್ಬಿದ ಗೆರೆಗೆ ಪೆನ್ಸಿಲು ತಾಗಿದಾಗ ಕೈಗೇ ಗೊತ್ತಾಗುತ್ತದೆ. ಪದ ಪದಕ್ಕೆ ಅಂಟಿಸಿ ಬರೆಯುವವರು ಒಂದು ಪದ ಮುಗಿದ ಮೇಲೆ ಐಸ್‌ಕ್ಯಾಂಡಿ ಕಡ್ಡಿಯನ್ನು ಅಡ್ಡ ಇಟ್ಟು ಅದರಾಚೆ ಮುಂದಿನ ಪದ ಶುರು ಮಾಡಲಿ. ಲೆಕ್ಕದಲ್ಲಿ ಬಿಡಿ, ಹತ್ತು, ನೂರು ಒಂದರ ಕೆಳಗೊಂದು ನಿಲ್ಲದೆ ಉತ್ತರ ತಪ್ಪುವ ಮಕ್ಕಳು ಬಹಳ. ಅವರಿಗೆ ಚೌಕದ ಪುಸ್ತಕ ಕೊಡಿಸಿ. ಅದಿಲ್ಲದಿದ್ದರೆ ಗೆರೆಯ ಪುಸ್ತಕವನ್ನೇ ಅಡ್ಡ ತಿರುಗಿಸಿದರೆ ಗೆರೆಗಳೆಲ್ಲ ಕಂಬಸಾಲಾಗಿ ನಿಲ್ಲುತ್ತವೆ. ಲೆಕ್ಕದಲ್ಲಿ ದಡ್ಡನೆನಿಸಿಕೊಂಡವನು ಕೆಲವೊಮ್ಮೆ ಇಷ್ಟರಲ್ಲೇ ಜಾಣನಾಗುತ್ತಾನೆ.

ಅಕ್ಷರಗಳನ್ನು ಕೈಚಲನೆಯ ಗುಂಪಿನಲ್ಲಿ ಕಲಿಸುವುದೂ ಒಂದು ಸಾಧನವೇ. ನಲಿ-ಕಲಿಯಲ್ಲಿ ಅ ಆ ಇ ಈ ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸುವುದನ್ನು ಕಂಡು ಅಜ್ಜಿಯರು ಗೊಣಗುವುದುಂಟು. ಆದರೆ ಸುಲಭದ ಸುತ್ತಿನಿಂದ ಕಷ್ಟದ ಸುತ್ತಿಗೆ ಹೋಗುವ ಆ ಕ್ರಮ ಕೈಗೆ ಒಳ್ಳೆಯದು. ಪ-ಷ, ಬ-ಭ, ದ-ಧ, ವ-ಮ ಹೀಗೆ ಗೊಂದಲ ಹುಟ್ಟಿಸುವ ಜೋಡಿಗಳನ್ನು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ದೊಡ್ಡದಾಗಿ ಬರೆದು, ಎಲ್ಲಿಂದ ಶುರು ಎಂದು ಚುಕ್ಕಿಯಿಟ್ಟು, ಡೆಸ್ಕಿನ ಮೂಲೆಗೆ ಅಂಟಿಸಿದರೆ ಮಗು ನೆನಪಿಗಾಗಿ ತಡಕಾಡಬೇಕಿಲ್ಲ. ಕಾಗುಣಿತದ ಒಂದು ಸಾಲು, ಒತ್ತುಗಳ ಒಂದು ಸಾಲು ನೋಟ್‌ಬುಕ್ಕಿನ ರಟ್ಟಿನ ಒಳಗೆ ಇರಲಿ. ಅರ್ಕಾವತ್ತು ಇನ್ನೊಂದು ತಲೆನೋವು: ಬಾಯಲ್ಲಿ ಮೊದಲು ಬರುವ ‘ರ್’ ಬರಹದಲ್ಲಿ ಕೊನೆಗೆ ಬರುತ್ತದೆ. ‘ಧರ್ಮ’ ಎಂದೂ ಬರೆಯಬಹುದು, ‘ಧರ‍್ಮ’ ಎಂದೂ ಬರೆಯಬಹುದು. ಎರಡೂ ಕ್ರಮ ಬಳಕೆಯಲ್ಲಿವೆ. ತೊಡಕಿರುವ ಮಗುವಿಗೆ ಉಚ್ಚಾರಣೆಯಂತೆಯೇ ಹೋಗುವ ಎರಡನೆಯ ಕ್ರಮವನ್ನು ಒಪ್ಪಿಕೊಂಡರೆ ಯಾವ ಪಂಡಿತರಿಗೂ ನಷ್ಟವಿಲ್ಲ.

ನೂರು ಸಲ ಬರೆಸುವ ಪಿಡುಗು

ಇಷ್ಟೆಲ್ಲ ಸಲಕರಣೆ ಒದಗಿಸಿ, ತಪ್ಪಿದ ಒಂದು ಪದವನ್ನು ನೂರು ಸಲ ಬರೆಸಿದರೆ ಎಲ್ಲ ವ್ಯರ್ಥ. ನನ್ನ ಮಟ್ಟಿಗೆ ‘ಇಂಪೊಸಿಷನ್’ ಎಂಬುದು ಶಾಲೆಗಳಿಂದ ಪೂರ್ತಿ ತೊಲಗಬೇಕಾದ ಪದ್ಧತಿ. ದಣಿದ ಕೈ ಹತ್ತನೆಯ ಸಲದ ನಂತರ ಕಲಿಯುವುದಿಲ್ಲ, ತಪ್ಪನ್ನೇ ಗಟ್ಟಿ ಮಾಡಿಕೊಳ್ಳುತ್ತದೆ. ಅಕ್ಷರ ಸುಧಾರಿಸುವುದಕ್ಕೆ ಅಭ್ಯಾಸ ಬೇಕೇ ಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ದಿನಕ್ಕೆ ಹತ್ತು ನಿಮಿಷ, ಎರಡೇ ಅಕ್ಷರ, ಚೆನ್ನಾಗಿ ಬಂದ ಒಂದಕ್ಕೆ ಮಗುವೇ ಸುತ್ತು ಹಾಕಲಿ. ಅದು ಅಭ್ಯಾಸ. ಉಳಿದದ್ದು ಸೇಡು. ಮಗುವಿಗೆ ದೈಹಿಕ ಶಿಕ್ಷೆಯನ್ನಾಗಲಿ ಮಾನಸಿಕ ಹಿಂಸೆಯನ್ನಾಗಲಿ ಕೊಡಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಇಡೀ ತರಗತಿಯ ಮುಂದೆ ಪುಸ್ತಕ ಎತ್ತಿ ತೋರಿಸಿ ‘ಕೋಳಿ ಕಾಲಿನ ಬರಹ’ ಎಂದು ನಗುವುದು ಯಾವುದರಲ್ಲಿ ಸೇರುತ್ತದೆ ಎಂದು ಉಪಾಧ್ಯಾಯರು ಯೋಚಿಸಬೇಕು. ಸೋಮವಾರ ಬೆಳಗ್ಗೆ ಮಾತ್ರ ಬರುವ ಹೊಟ್ಟೆನೋವಿಗೆ ಔಷಧ ಕೇಳಿಕೊಂಡು ಬರುವ ತಾಯಂದಿರಿಗೆ ನಾನು ಹೇಳುವುದು, ಮಗುವಿನ ಚೀಲ ಬಿಚ್ಚಿ ಬರೆಯುವ ಪುಸ್ತಕ ನೋಡಿ ಎಂದು.

ಪ್ರಮಾಣವನ್ನು ಇಳಿಸುವುದೇ ಎಲ್ಲಕ್ಕಿಂತ ಅಗ್ಗದ ಸಾಧನ. ಹತ್ತು ಪ್ರಶ್ನೆಗೆ ಉತ್ತರ ಬರೆಯುವ ಕಡೆ ಐದಕ್ಕೆ ಬರೆಯಲಿ, ಐದಕ್ಕೆ ಬಾಯಲ್ಲಿ ಹೇಳಲಿ. ಪ್ರಶ್ನೆಯನ್ನೂ ನಕಲು ಮಾಡಿ ಆಮೇಲೆ ಉತ್ತರ ಬರೆಯಬೇಕೆಂಬ ಹಠ ಏಕೆ? ಪ್ರಶ್ನೆ ಪುಸ್ತಕದಲ್ಲಿದೆಯಲ್ಲ. ಬೋರ್ಡಿನಿಂದ ನೋಡಿ ಬರೆಯುವುದು ಈ ಮಕ್ಕಳಿಗೆ ಅತ್ಯಂತ ಕಷ್ಟದ ಕೆಲಸ. ತಲೆ ಎತ್ತಿ, ಇಳಿಸಿ, ಮತ್ತೆ ಎತ್ತುವಷ್ಟರಲ್ಲಿ ಸಾಲು ಕಳೆದುಹೋಗಿರುತ್ತದೆ. ಪಕ್ಕದ ಗೆಳೆಯ ತನ್ನ ಹಾಳೆಯಡಿ ಕಾರ್ಬನ್ ಇಟ್ಟು ಬರೆದರೆ ಒಂದೇ ಸಲಕ್ಕೆ ಎರಡು ಪ್ರತಿ. ತಪ್ಪನ್ನು ರಬ್ಬರಿನಿಂದ ಉಜ್ಜದೆ ಒಂದು ಗೆರೆ ಎಳೆದು ಮುಂದೆ ಹೋಗಲು ಬಿಡಿ. ವಿಜ್ಞಾನದ ಉತ್ತರಕ್ಕೆ ವಿಜ್ಞಾನದ ಅಂಕ ಕೊಡಿ, ಅಕ್ಷರದ ಅಂದಕ್ಕಾಗಿ ಅದರಲ್ಲಿ ಕತ್ತರಿಸಬೇಡಿ.

“ಒಬ್ಬನಿಗೆ ಹೀಗೆ ರಿಯಾಯಿತಿ ಕೊಟ್ಟರೆ ಉಳಿದವರಿಗೆ ಅನ್ಯಾಯವಲ್ಲವೇ?” ಎಂದು ಕೇಳುತ್ತಾರೆ. ಕನ್ನಡಕ ಹಾಕಿದ ಹುಡುಗಿಯ ಬಗ್ಗೆ ಯಾರೂ ಹೀಗೆ ಕೇಳುವುದಿಲ್ಲ. ಆದರೂ ಈ ಮಾತಿನ ಹಿಂದೆ ಒಂದು ನಿಜವಾದ ಕಷ್ಟವಿದೆ, ಅದನ್ನು ತಳ್ಳಿಹಾಕಬಾರದು. ಐವತ್ತು ಮಕ್ಕಳ ತರಗತಿ, ಕೆಲವು ಕಡೆ ಮೂರು ತರಗತಿಗೆ ಒಬ್ಬರೇ ಮೇಷ್ಟ್ರು, ಮೇಲೆ ಬಿಸಿಯೂಟದ ಲೆಕ್ಕ, ಚುನಾವಣೆಯ ಕೆಲಸ. ಪ್ರತಿಯೊಂದು ಮಗುವಿಗೂ ಬೇರೆ ಬೇರೆ ವ್ಯವಸ್ಥೆ ಮಾಡಿ ಎಂದರೆ ಅವರಾದರೂ ಏನು ಮಾಡಿಯಾರು? ಇದಕ್ಕೆ ನನಗೆ ತೋರುವ ದಾರಿ ಒಂದು ಬಿಸ್ಕತ್ತಿನ ಡಬ್ಬಿ. ರಬ್ಬರ್ ಬ್ಯಾಂಡು ಸುತ್ತಿದ ಪೆನ್ಸಿಲುಗಳು, ಚೋಟು ಪೆನ್ಸಿಲುಗಳು, ಕಾರ್ಬನ್ ಹಾಳೆ, ಕ್ಯಾಂಡಿ ಕಡ್ಡಿ, ಉಬ್ಬು ಗೆರೆಯ ನಾಲ್ಕು ಹಾಳೆ ಇವನ್ನೆಲ್ಲ ಅದರಲ್ಲಿ ಹಾಕಿ ಮೇಜಿನ ಮೇಲಿಡಿ. ಬೇಕಾದವರು ಯಾರು ಬೇಕಾದರೂ ತೆಗೆದುಕೊಳ್ಳಲಿ. ಮೊದಲ ವಾರ ಎಲ್ಲರೂ ಮುಗಿಬೀಳುತ್ತಾರೆ. ಬೇಡದವರಿಗೆ ಬೇಸರವಾಗುತ್ತದೆ, ಬೇಕಾದವರ ಬಳಿ ಉಳಿಯುತ್ತದೆ. ಯಾರನ್ನೂ ಬೊಟ್ಟು ಮಾಡಿ ತೋರಿಸಿದಂತಾಗುವುದಿಲ್ಲ. ಹತ್ತು ವರ್ಷದ ಮಗುವಿಗೆ ಸಹಾಯಕ್ಕಿಂತ ಮಾನ ದೊಡ್ಡದು. ಎಲ್ಲರೆದುರು ಕೊಟ್ಟ ದಪ್ಪ ಪೆನ್ಸಿಲನ್ನು ಅದು ಚೀಲದ ತಳಕ್ಕೆ ತುರುಕುತ್ತದೆ.

ಮನೆಯಲ್ಲಿ ಕೈಗೆ ಬಲ ಕೊಡುವ ಕೆಲಸ ನಮ್ಮ ಅಡುಗೆಮನೆಯಲ್ಲೇ ಬೇಕಾದಷ್ಟಿದೆ. ನೆನೆಸಿದ ಅವರೆಕಾಳನ್ನು ಹಿತುಕುವುದಕ್ಕಿಂತ ಒಳ್ಳೆಯ ಬೆರಳ ವ್ಯಾಯಾಮವನ್ನು ನಾನು ಕಾಣೆ. ಚಪಾತಿ ಹಿಟ್ಟು ನಾದುವುದು, ಹೂ ಕಟ್ಟುವುದು, ಬಟ್ಟೆಗೆ ಕ್ಲಿಪ್ ಹಾಕುವುದು, ರಂಗೋಲಿ ಎಳೆಯುವುದು. ಹುಡುಗರಿಗೂ ಕಲಿಸಿ, ಕೈ ಏನೂ ಸವೆಯುವುದಿಲ್ಲ. ಅಳಗುಳಿ ಮಣೆಯಲ್ಲಿ ಅಂಗೈಯಲ್ಲಿ ಹಿಡಿ ಹುಣಸೆಬೀಜ ಇಟ್ಟುಕೊಂಡು ಒಂದೊಂದನ್ನೇ ಬೆರಳ ತುದಿಗೆ ತಂದು ಗುಳಿಗೆ ಹಾಕುವ ಚಲನೆ ಇದೆಯಲ್ಲ, ಪೆನ್ಸಿಲು ಆಡಿಸಲು ಬೇಕಾದದ್ದು ಅಂಥ ಚಾಕಚಕ್ಯತೆಯೇ. ಇವು ಬರಹದ ಅಭ್ಯಾಸದ ಬದಲಿಗಲ್ಲ, ಅದರ ಜತೆಗೆ. ಇನ್ನು ಮೂರೂವರೆ ವರ್ಷಕ್ಕೇ ಎಲ್‌ಕೆಜಿಯಲ್ಲಿ ಪುಟಗಟ್ಟಲೆ ಬರೆಸುವವರಿಗೆ ಒಂದು ಮಾತು. ಮಗು ನೋಡಿ ವೃತ್ತ ಬರೆಯುವುದು ಸುಮಾರು ಮೂರನೆಯ ವರ್ಷಕ್ಕೆ, ಕೂಡಿಸುವ ಚಿಹ್ನೆ ನಾಲ್ಕಕ್ಕೆ, ತ್ರಿಕೋನ ಐದಕ್ಕೆ. ತ್ರಿಕೋನ ಬಾರದ ಕೈಗೆ ‘ಆ’ ಬರೆಸಿ ಅಳಿಸುವುದರಲ್ಲಿ ಯಾವ ಪುರುಷಾರ್ಥವೂ ಇಲ್ಲ.

ಎರಡು ಮೂರು ತಿಂಗಳು ಹೀಗೆಲ್ಲ ಮಾಡಿಯೂ ಮಗು ಒದ್ದಾಡುತ್ತಿದ್ದರೆ ತಜ್ಞರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಧಾರವಾಡದ ಡಿಮ್ಹಾನ್ಸ್‌ನಂಥ ಕಡೆ ವಿಚಾರಿಸಿ. ಜಿಲ್ಲಾ ಆಸ್ಪತ್ರೆಯ ಮಕ್ಕಳ ತಜ್ಞರೂ ದಾರಿ ತೋರಿಸುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗಿನಿಂದ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯೂ ಅದರ ಪಟ್ಟಿಯಲ್ಲಿದೆ. ಪಬ್ಲಿಕ್ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯ, ಬೇರೊಬ್ಬರಿಂದ ಬರೆಸುವ ಅವಕಾಶ ಇವಕ್ಕೆ ಅದು ಆಧಾರ. ಸಿಬಿಎಸ್‌ಇಯಲ್ಲಿ ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ ಹೆಚ್ಚು ಸಿಗುತ್ತದೆ. ಎಸ್ಸೆಸ್ಸೆಲ್ಸಿಗೂ ಇಂಥ ಸೌಲಭ್ಯಗಳಿವೆ, ಮುಖ್ಯೋಪಾಧ್ಯಾಯರ ಮೂಲಕ ಮೊದಲೇ ಅರ್ಜಿ ಹೋಗಬೇಕು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಬರಹಗಾರರ ನೆರವು ನಿರಾಕರಿಸಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ಅಭ್ಯರ್ಥಿಯ ಪರವಾಗಿ ತೀರ್ಪು ಕೊಟ್ಟಿತು. ಕಾನೂನು ಇಷ್ಟು ದೂರ ಬಂದಿದೆ. ಆದರೆ ಈ ಪತ್ತೆ ಖಚಿತವಾಗಿ ಆಗುವುದು ಸಾಮಾನ್ಯವಾಗಿ ಎಂಟು ವರ್ಷದ ಸುಮಾರಿಗೆ. ಅಲ್ಲಿಯವರೆಗೆ ಕಾಯುತ್ತ ಕೂರುವ ಕಾರಣವಿಲ್ಲ. ಪೆನ್ಸಿಲಿಗೆ ರಬ್ಬರ್ ಬ್ಯಾಂಡು ಸುತ್ತಲು ಯಾವ ಸರ್ಟಿಫಿಕೇಟೂ ಬೇಡ.

ಬೇಕಾದದ್ದು ಉಪಾಧ್ಯಾಯರ ಒಪ್ಪಿಗೆ. ಅದನ್ನು ಪಡೆಯುವ ಕೆಲಸ ತಂದೆತಾಯಿಯದು. ಜಗಳಕ್ಕೆ ಹೋದಂತೆ ಹೋಗಬೇಡಿ. ತರಗತಿಯ ನಡುವೆ ಬಾಗಿಲಲ್ಲಿ ನಿಂತು ಮಾತಾಡಬೇಡಿ. ಮಗುವಿನ ಒಂದು ಹಳೆಯ ಪುಟ, ಫೈಲಿನ ಮೇಲಿಟ್ಟು ಗೆರೆ ಬಿಟ್ಟು ಬರೆದ ಒಂದು ಹೊಸ ಪುಟ, ಎರಡನ್ನೂ ಒಯ್ದು ಪಕ್ಕಪಕ್ಕದಲ್ಲಿಡಿ. ಪ್ರತಿವರ್ಷ ಶಾಲೆ ಆರಂಭವಾದಾಗ ಹೊಸ ಮೇಷ್ಟ್ರು, ಹೊಸ ಮಿಸ್ಸು ಬರುತ್ತಾರೆ, ಹಿಂದಿನವರಿಗೆ ಹೇಳಿದ್ದು ಇವರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಮೊದಲ ವಾರವೇ ಡೈರಿಯಲ್ಲಿ ಒಂದು ಚೀಟಿ ಇಟ್ಟು ಕಳಿಸಿ. ಉದ್ದ ಬೇಡ, ಇಷ್ಟು ಸಾಕು:

“ನಮ್ಮ ಮಗನಿಗೆ ಪಾಠ ಅರ್ಥವಾಗುತ್ತದೆ, ಬರೆಯಲು ನಿಧಾನ. ಗೆರೆ ಬಿಟ್ಟು ಬರೆಯಲು, ಹಾಳೆಯಡಿ ಫೈಲು ಇಟ್ಟುಕೊಳ್ಳಲು, ಅರ್ಧ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಲು ದಯವಿಟ್ಟು ಅವಕಾಶ ಕೊಡಿ. ಮುಂದಿನ ತಿಂಗಳು ನಿಮಗೆ ಬಿಡುವಿರುವ ದಿನ ತಿಳಿಸಿದರೆ ಬಂದು ಕಾಣುತ್ತೇವೆ.”